ಗೋಡೆ ಪಕ್ಕದ ಜಗಳಗಂಟಿ

ಫೆಬ್ರವರಿ 2

ಮಗಳೇ,

ನಿನ್ನ ಚಿಕ್ಕಮ್ಮನ ಮನೆಯ ನೆಲ ಎಷ್ಟು ಫಳಫಳ ಹೊಳೆಯುತ್ತದೆಂದರೆ ಕಾಲಿಡಲು ಸಂಕೋಚವಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಮಹಡಿಯ ಕೋಣೆಯಲ್ಲಿ ಕೂತು ಎದುರು ಮನೆಯ ಗೋಡೆ ನೋಡುವುದೇ ಈಗ ನನ್ನ ಉದ್ಯೋಗ. ಡಾಕ್ಟರು ನಿನ್ನೆಯೂ ಅದೇ ರಾಗ ಎಳೆದರು. "ಇನ್ನೊಂದ್ಸಲ ಜೇನುಹುಳ ಕಚ್ಚಿದ್ರೆ ಆಸ್ಪತ್ರೆಗೆ ಬರೋಷ್ಟು ಹೊತ್ತೂ ಸಿಗಲ್ಲಮ್ಮ" ಅಂದರು. ಮೂವತ್ತು ವರ್ಷ ಕಚ್ಚಿಸಿಕೊಂಡವಳಿಗೆ ಈ ಉಪದೇಶ! ಹೋದ ಶರತ್ಕಾಲದಲ್ಲಿ ಒಂದು ಸಲ ಎಚ್ಚರ ತಪ್ಪಿದ್ದಕ್ಕೆ ನನ್ನನ್ನು ಗಾಜಿನ ಬೊಂಬೆ ಮಾಡಿಬಿಟ್ಟಿದ್ದೀರಿ.

ಇರಲಿ. ಹೊಲಿಗೆ ಅಂಗಡಿಗೆ ರಜೆ ಹಾಕಿ ಜೇನುಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತೇನೆ ಅಂತ ನೀನಾಗಿಯೇ ನಮ್ಮ ಮನೆಗೆ ಹೋಗಿದ್ದೀಯ, ಸರಿಯಾಗಿ ನೋಡಿಕೊ. ಚಳಿ ಬಿಡುವ ತನಕ ಯಾವುದನ್ನೂ ಪೂರ್ತಿ ತೆರೆಯಬೇಡ. ಪ್ರತಿ ಪೆಟ್ಟಿಗೆಯನ್ನೂ ಹಿಂದಿನಿಂದ ಬೆರಳಷ್ಟು ಎತ್ತಿ ನೋಡು. ಭಾರ ಇದ್ದರೆ ಒಳಗೆ ಜೇನು ಉಳಿದಿದೆ ಅಂತ. ಸಲೀಸಾಗಿ ಮೇಲೆ ಬಂದರೆ ಹುಳಗಳು ಹಸಿದಿವೆ, ಮುಚ್ಚಳ ಸರಿಸಿ ಸಕ್ಕರೆಯ ಗಟ್ಟಿ ಪಾಕ ಇಡು. ಬಾಗಿಲ ಬಳಿ ಬಿದ್ದ ಸತ್ತ ಹುಳಗಳನ್ನು ಕಡ್ಡಿಯಿಂದ ಎಳೆದು ಹಾಕು, ಇಲ್ಲವಾದರೆ ಬದುಕಿರುವವಕ್ಕೆ ಉಸಿರು ಕಟ್ಟುತ್ತದೆ.

ಇನ್ನೊಂದು ಮುಖ್ಯ ಕೆಲಸ. ಪೆಟ್ಟಿಗೆಗೆ ಕಿವಿ ಹಚ್ಚಿ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟು. 'ಗುಂಯ್' ಅಂದು ಕೂಡಲೇ ಸುಮ್ಮನಾದರೆ ರಾಣಿ ಇದ್ದಾಳೆ, ಸಂಸಾರ ನೆಟ್ಟಗಿದೆ. ತಟ್ಟಿ ಎಷ್ಟು ಹೊತ್ತಾದರೂ ನರಳುತ್ತಲೇ ಇದ್ದರೆ ರಾಣಿ ಹೋಗಿದ್ದಾಳೆ. ಎಂಟನ್ನೂ ತಟ್ಟಿ ನೋಡಿ ಬರೆ. ಗೋಡೆ ಪಕ್ಕದ ಪೆಟ್ಟಿಗೆಯನ್ನು, ಆ ಜಗಳಗಂಟಿಯನ್ನು ಮಾತ್ರ ಕೊನೆಗೆ ಇಟ್ಟುಕೊ, ಅದಕ್ಕೆ ಬೆಳಗ್ಗೆ ಯಾರ ಮುಖವೂ ಆಗುವುದಿಲ್ಲ.

ನಿನ್ನ ಅಮ್ಮ


ಫೆಬ್ರವರಿ 9

ಅಮ್ಮಾ,

ನೀನು ಹೇಳಿದಂತೆಯೇ ಮಾಡಿದೆ. ನನ್ನ ಹಳೆಯ ಟೋಪಿಯ ಅಂಚಿಗೆ ಸೊಳ್ಳೆಪರದೆ ಹೊಲಿದು ಮುಸುಕು ಮಾಡಿಕೊಂಡಿದ್ದೇನೆ. ನಿನ್ನದು ಆಸ್ಪತ್ರೆಯ ಚೀಲದ ಜೊತೆ ಚಿಕ್ಕಮ್ಮನ ಬೀರು ಸೇರಿದೆಯಲ್ಲ, ಅಲ್ಲೇ ಇರಲಿ.

ಎಲ್ಲ ಪೆಟ್ಟಿಗೆಗಳೂ ಭಾರವಾಗಿವೆ. ಎಂಟನ್ನೂ ತಟ್ಟಿದೆ, ಎಂಟೂ ಗುಂಯ್ ಅಂದು ಸುಮ್ಮನಾದವು. ಬಾಗಿಲುಗಳನ್ನು ಚೊಕ್ಕ ಮಾಡಿದ್ದೇನೆ. ಇಲ್ಲಿ ಯಾವ ತೊಂದರೆಯೂ ಇಲ್ಲ. ನೀನು ಮಾತ್ರೆ ತಪ್ಪಿಸಬೇಡ, ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡು. ವಸಂತ ಮುಗಿಯುವ ತನಕ ನೀನು ಇತ್ತ ಬರುವ ಅಗತ್ಯವೇ ಇಲ್ಲ.

ನಿನ್ನ ಮಗಳು


ಫೆಬ್ರವರಿ 14

ಮಗಳೇ,

ಎಂಟೂ ಒಂದೇ ತರ ಗುಂಯ್ ಅಂದವಾ? ಎಲ್ಲವೂ ಭಾರವಾ? ಮೂವತ್ತು ವರ್ಷದಲ್ಲಿ ಒಂದು ಚಳಿಗಾಲವೂ ನನಗೆ ಅಂಥ ಭಾಗ್ಯ ಕೊಟ್ಟಿಲ್ಲ. ರಾಣಿಗೆ ವಯಸ್ಸಾದ ಆ ಮುದುಕಿ ಪೆಟ್ಟಿಗೆ ಹೇಗಿದೆ, ಒಂದು ಸಾಲಿಲ್ಲ. ಬೇಲಿ ಕಡೆಯ ಮೂಲೆಯದು ಹೇಗಿದೆ, ಅದೂ ಇಲ್ಲ. ಕಡೆಗೆ ಜಗಳಗಂಟಿ ನಿನ್ನನ್ನು ಅಟ್ಟಿಸಿಕೊಂಡು ಬಂತೋ ಇಲ್ಲವೋ, ಅದನ್ನೂ ಬರೆದಿಲ್ಲ. ಅದು ಅಟ್ಟಿಸಿಕೊಂಡು ಬಾರದೆ ಇದ್ದರೆ ಸತ್ತಿದೆ ಅಂತಲೇ ಅರ್ಥ.

ನೀನು ಚಿಕ್ಕವಳಿದ್ದಾಗಲೂ ಹೀಗೆಯೇ. ಪಾತ್ರೆ ಒಡೆದ ದಿನ "ಎಲ್ಲಾ ಸರಿಯಾಗಿದೆ ಅಮ್ಮ" ಅನ್ನುತ್ತಾ ಬಾಗಿಲಲ್ಲೇ ಸಿಗುತ್ತಿದ್ದೆ. ನನ್ನ ಕಿವಿಗೆ ಹೂವಿಡಬೇಡ. ಏನಾಗಿದೆ ಅಂತ ಬರೆ. ಬರೆಯದಿದ್ದರೆ ನಾನೇ ಬಂದು ನೋಡುತ್ತೇನೆ.

ಅಮ್ಮ


ಫೆಬ್ರವರಿ 20

ಅಮ್ಮಾ,

ಸರಿ, ಕೇಳು. ಬೇಲಿ ಕಡೆಯದು ಸತ್ತಿದೆ. ತಟ್ಟಿದರೆ ಬರೀ ಮರದ ಸದ್ದು ಬಂತು. ಮುಚ್ಚಳ ತೆಗೆದು ನೋಡಿದೆ. ಹುಳಗಳೆಲ್ಲ ಮುಷ್ಟಿಯಷ್ಟು ಜಾಗದಲ್ಲಿ ಒತ್ತಾಗಿ, ತಲೆಯನ್ನು ಮೇಣದ ಕೋಣೆಗಳೊಳಗೆ ತೂರಿಸಿಕೊಂಡೇ ಸತ್ತಿದ್ದವು. ಪಕ್ಕದ ಚೌಕಟ್ಟಿನಲ್ಲಿ ಜೇನಿತ್ತು. ಅಷ್ಟು ಹತ್ತಿರವಿದ್ದರೂ ಚಳಿಗೆ ಸರಿಯಲಾಗಲಿಲ್ಲ ಅಂತ ಕಾಣುತ್ತದೆ. ಗೋಡೆಗೆ ಒರಗಿ ಕೂತು ಅತ್ತೆ. ಹೊಲಿಗೆಯಲ್ಲಿ ತಪ್ಪಾದರೆ ಬಿಚ್ಚಿ ಹೊಲಿಯಬಹುದು.

ಮುದುಕಿ ಪೆಟ್ಟಿಗೆ ನರಳುತ್ತಿದೆ. ತಟ್ಟಿ ಕೈ ತೆಗೆದು, ಒಳಗೆ ಹೋಗಿ ನೀರು ಕುಡಿದು ಬಂದರೂ ನರಳಾಟ ನಿಂತಿರಲಿಲ್ಲ. ಉಳಿದ ಆರೂ ಚೆನ್ನಾಗಿವೆ, ಇದು ನಿಜ. ಜಗಳಗಂಟಿ ನನ್ನನ್ನು ಅಡುಗೆಮನೆಯ ಬಾಗಿಲ ತನಕ ಬಿಟ್ಟು ಹೋಯಿತು. ಎಡಗೈಗೆ ಎರಡು ಕಡೆ ಕಚ್ಚಿತು.

ನಾನು ಯಾಕೆ ಸುಳ್ಳು ಬರೆದೆ ಅಂತ ನೀನು ಕೇಳಿಲ್ಲ. ನಾನೇ ಹೇಳುತ್ತೇನೆ. ಆ ದಿನ ನಿನ್ನನ್ನು ಗೋಡೆಯ ಬಳಿ ಮೊದಲು ನೋಡಿದ್ದು ನಾನು. ಒಣಹಾಕಿದ ಬಟ್ಟೆ ಬಿದ್ದಿದೆ ಅಂದುಕೊಂಡು ಎತ್ತಲು ಬಂದೆ. ನಿನ್ನ ತುಟಿ ನೀಲಿಯಾಗಿತ್ತು, ಕಣ್ಣು ಊದಿ ಮುಚ್ಚಿಹೋಗಿತ್ತು, ಉಸಿರು ಕಮ್ಮಾರನ ತೂತು ಬಿದ್ದ ತಿದಿಯಂತೆ ಬರುತ್ತಿತ್ತು. ನೀನು ಅದನ್ನು "ಎಚ್ಚರ ತಪ್ಪಿದ್ದು" ಅನ್ನುತ್ತೀಯ. ನಿನಗೆ ಅದು ನೆನಪಿಲ್ಲ. ನನಗೆ ಅದು ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ನನಗೆ ಭಯ, ಅಮ್ಮ. ಹುಳಗಳದ್ದಲ್ಲ, ನಿನ್ನದು.

ಮುದುಕಿ ಪೆಟ್ಟಿಗೆಗೆ ಏನು ಮಾಡಬೇಕು, ಬರೆದು ಕಳಿಸು. ಬರಬೇಡ.

ಮಗಳು


ಮಾರ್ಚ್ 4

ಮಗಳೇ,

ಬೇಲಿ ಕಡೆಯದರ ಬಗ್ಗೆ ಅಳಬೇಡ. ನನಗೂ ಮೊದಲ ವರ್ಷ ಹಾಗೆಯೇ ಆಗಿತ್ತು. ಪೆಟ್ಟಿಗೆಯನ್ನು ಕೆರೆದು, ಬೆಂಕಿಯ ಜ್ವಾಲೆ ತೋರಿಸಿ, ಒಣಗಿಸಿ ಕೊಟ್ಟಿಗೆಯಲ್ಲಿಡು. ಒಳಗೆ ಒಂದೆರಡು ಹಳೆಯ ಮೇಣದ ಎರಿಗಳಿರಲಿ, ಬೇಸಿಗೆಗೆ ಬೇಕಾಗುತ್ತವೆ.

ಮುದುಕಿ ಪೆಟ್ಟಿಗೆಯ ಹುಳಗಳನ್ನು ರಾಣಿ ಇರುವ ಇನ್ನೊಂದು ಪೆಟ್ಟಿಗೆಗೆ ಸೇರಿಸಬೇಕು. ಸುಮ್ಮನೆ ಸುರಿದರೆ ಕಾದಾಡಿ ಸಾಯುತ್ತವೆ. ಕೆಳಗಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದು ಹಾಳೆ ನ್ಯೂಸ್‌ಪೇಪರು ಹಾಸಿ, ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಅದರ ಮೇಲೆ ಮುದುಕಿಯನ್ನು ಕೂರಿಸಬೇಕು. ಅವು ಕಾಗದ ಕಡಿದು ದಾರಿ ಮಾಡಿಕೊಳ್ಳುವಷ್ಟರಲ್ಲಿ ಒಬ್ಬರ ವಾಸನೆ ಇನ್ನೊಬ್ಬರಿಗೆ ಒಗ್ಗಿರುತ್ತದೆ. ಆದರೆ ಯಾವ ಪೆಟ್ಟಿಗೆಗೆ ಸೇರಿಸಬೇಕು ಅನ್ನುವುದು ನೋಡಿಯೇ ಹೇಳಬೇಕಾದ ಮಾತು. ಅದು ನಿನ್ನಿಂದ ಆಗುವುದಿಲ್ಲ. ಬಿಸಿಲು ಬಂದ ಮೊದಲ ಭಾನುವಾರ ನಾನು ಬರುತ್ತೇನೆ. ಒಂದೇ ದಿನ, ಒಂದೇ ಕೆಲಸ.

ಚಿಕ್ಕಮ್ಮ ಹೊಸ ಪರದೆ ತಂದಿದ್ದಾಳೆ. ಈಗ ಎದುರಿನ ಗೋಡೆಯೂ ಕಾಣುವುದಿಲ್ಲ.

ಅಮ್ಮ


ಮಾರ್ಚ್ 9

ಅಮ್ಮಾ,

ನಾನು ಭಯದ ಬಗ್ಗೆ ಬರೆದಿದ್ದೆ. ನೀನು ಪರದೆಯ ಬಗ್ಗೆ ಬರೆದಿದ್ದೀಯ.

ಇಲ್ಲಿ ಎರಡು ದಿನದಿಂದ ಬಿಸಿಲು. ಹುಳಗಳು ಹಾರಾಡಲು ಶುರು ಮಾಡಿವೆ, ಕಾಲಿಗೆ ಪರಾಗ ಅಂಟಿಸಿಕೊಂಡು ಬರುತ್ತಿವೆ. ಅಂಗಳದಲ್ಲಿ ಬಟ್ಟೆ ಒಣಹಾಕಲು ಹೋದರೂ ಕೂದಲಿಗೆ ಸಿಕ್ಕಿಕೊಳ್ಳುತ್ತವೆ. ಈ ಅಂಗಳಕ್ಕೆ ನೀನು ಕಾಲಿಡುವಂತಿಲ್ಲ. ನೀನು ಬರುವುದೇ ಖಚಿತವಾದರೆ, ಬಂದಾಗ ಇಲ್ಲಿ ಪೆಟ್ಟಿಗೆಗಳು ಇರುವುದಿಲ್ಲ. ಬೆದರಿಕೆ ಅಂದುಕೊಂಡರೂ ಸರಿಯೇ.

ಮಗಳು


ಮಾರ್ಚ್ 13

ಪುಟ್ಟಿ,

ನಿನ್ನ ಚಿಕ್ಕಮ್ಮ ಬರೆಯುತ್ತಿರುವುದು. ನಿನ್ನ ಅಮ್ಮನಿಗೆ ಗೊತ್ತಿಲ್ಲದಂತೆ ಅಂಚೆಗೆ ಹಾಕುತ್ತಿದ್ದೇನೆ. ನಿನ್ನ ಕೊನೆಯ ಕಾಗದ ಓದಿ ಅಕ್ಕ ಗಟ್ಟಿಯಾಗಿ ನಕ್ಕಳು. "ನನ್ನ ಮಗಳು ಅಂದ್ರೆ ನೋಡು, ಪೆಟ್ಟಿಗೆ ಸುಡ್ತಾಳಂತೆ! ಸುಡ್ಲಿ, ನೋಡೇಬಿಡ್ತೀನಿ" ಅಂದಳು. ಆಮೇಲೆ ಊಟ ಮಾಡಲಿಲ್ಲ.

ಇವತ್ತು ಬೀರುವಿನಲ್ಲಿ ಮುಸುಕು ಕಾಣಲಿಲ್ಲ. ಅವಳ ಮಂಚದ ಕೆಳಗಿನ ಚೀಲದಲ್ಲಿದೆ. ಭಾನುವಾರದ ಮೊದಲ ಬಸ್ಸಿಗೆ ಹೊರಡುವವಳಿದ್ದಾಳೆ. ಬಾಗಿಲಿಗೆ ಅಡ್ಡ ನಿಂತೆ. "ನೀನು ದಿನಾ ನೆಲ ಒರೆಸ್ತೀಯ, ಅದನ್ನ ಬಿಡು ಅಂದ್ರೆ ಬಿಡ್ತೀಯಾ?" ಅಂತ ಕೇಳಿದಳು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಟ್ಟೆ. ನೀನೇ ಏನಾದರೂ ಮಾಡು.

ಚಿಕ್ಕಮ್ಮ


ಮಾರ್ಚ್ 16, ಶನಿವಾರ
(ಅಡುಗೆಮನೆಯ ಮೇಜಿನ ಮೇಲೆ)

ಅಮ್ಮಾ,

ನೀನು ಇದನ್ನು ಓದುವ ಹೊತ್ತಿಗೆ ಅಂಗಳ ನೋಡಿರುತ್ತೀಯ, ನನ್ನನ್ನು ಬಾಯಿಗೆ ಬಂದಂತೆ ಬೈದೂ ಆಗಿರುತ್ತದೆ.

ಸುಟ್ಟಿಲ್ಲ. ನಮ್ಮ ಅಂಗಡಿಯಲ್ಲಿ ಬಟ್ಟೆ ಹೊಲಿಸುವ ಹಣ್ಣಿನ ತೋಟದವಳೊಬ್ಬಳು ಇದ್ದಾಳೆ. ನದಿಯಾಚೆ ಅವಳ ತೋಟ. ಹೂ ಬಿಡುವ ಕಾಲಕ್ಕೆ ಜೇನುಪೆಟ್ಟಿಗೆ ಬೇಕು ಅಂತ ಎರಡು ವರ್ಷದಿಂದ ಕೇಳುತ್ತಿದ್ದಳು. ಈವತ್ತು ಸಂಜೆ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಬಾಗಿಲಿಗೆ ಜಾಲರಿ ಬಡಿದು ಲಾರಿಗೆ ಏರಿಸುತ್ತೇವೆ. ಹುಳ ಹಳೆಯ ಜಾಗಕ್ಕೆ ವಾಪಸಾಗಬಾರದು ಅಂದರೆ ಮೂರು ಮೈಲಿಯಾಚೆ ಒಯ್ಯಬೇಕು ಅಂತ ನೀನು ಹೇಳುತ್ತಿದ್ದುದು ನೆನಪಿದೆ. ಲಾರಿಯವನನ್ನು ಕೇಳಿದೆ, ಸೇತುವೆ ಸುತ್ತಿಕೊಂಡು ಹೋದರೆ ಒಂಬತ್ತು ಮೈಲಿ ಅಂದ. ಧಾರಾಳವಾಯಿತು.

ಈಗ ಅಂಗಳದಲ್ಲಿ ಎಷ್ಟು ಬೇಕಾದರೂ ಓಡಾಡು. ನಿನ್ನ ಮನೆ, ನಿನ್ನ ಬಿಸಿಲು. ಚಿಕ್ಕಮ್ಮನ ಮಹಡಿಗೆ ವಾಪಸು ಹೋಗಲೇಬೇಕು ಅಂತ ನಾನು ಹೇಳುವುದಿಲ್ಲ. ಪೆಟ್ಟಿಗೆಗಳ ಜೊತೆ ನಾನೂ ತೋಟದಲ್ಲೇ ಇರುತ್ತೇನೆ.

ಮಗಳು


ಮಾರ್ಚ್ 17, ಭಾನುವಾರ, ತೋಟದಿಂದ

ಅಮ್ಮಾ,

ಅಂಗಳಕ್ಕೆ ಇಳಿಯಬೇಡ. ಬಾಗಿಲು, ಕಿಟಕಿ ಎಲ್ಲ ಹಾಕಿಕೊ. ಮೊದಲು ಅದು ಮಾಡು, ಆಮೇಲೆ ಓದು.

ಬೆಳಗ್ಗೆ ಜಾಲರಿ ತೆಗೆದೆ. ಹುಳಗಳು ಚೆನ್ನಾಗಿಯೇ ಹೊರಬಂದವು, ಹಾರಿದವು. ಬಿಸಿಲೇರಿದರೂ ವಾಪಸು ಬರುವ ಹುಳಗಳು ಕಾಣಲಿಲ್ಲ. ತೋಟದವಳನ್ನು ಕೇಳಿದೆ. ಅವಳು ನನ್ನನ್ನು ದಿಬ್ಬದ ಮೇಲೆ ಹತ್ತಿಸಿ "ನಿಮ್ಮನೆ ಅದೇ ಅಲ್ವಾ, ನೀಲಿ ತಗಡಿನ ಚಾವಣಿ?" ಅಂತ ತೋರಿಸಿದಳು. ನದಿಯಾಚೆ ನಮ್ಮ ಮನೆ ಕೈಗೆ ಸಿಗುವಂತೆ ಕಾಣುತ್ತಿದೆ. ರಾತ್ರಿ ಕತ್ತಲಲ್ಲಿ ಬಂದವಳಿಗೆ ಗೊತ್ತಾಗಲಿಲ್ಲ. ನಾನು ಲಾರಿಯ ದಾರಿ ಅಳೆದೆ. ನೇರ ಹಾರುವ ಹುಳಗಳಿಗೆ ಸೇತುವೆ ಯಾಕೆ ಬೇಕು?

ಎಲ್ಲ ಅಲ್ಲಿಗೇ ಬರುತ್ತಿವೆ. ಮನೆ ಸಿಗದೆ ರೊಚ್ಚಿಗೆದ್ದಿರುತ್ತವೆ. ರಾತ್ರಿ ಇಳಿಸುವಾಗ ಪೆಟ್ಟಿಗೆಯ ಮೂಲೆ ಪಾದದ ಮೇಲೆ ಬಿದ್ದು ಕಾಲು ಊರಲಾಗುತ್ತಿಲ್ಲ, ಇಲ್ಲದಿದ್ದರೆ ನಾನೇ ಓಡಿ ಬರುತ್ತಿದ್ದೆ. ಲಾರಿ ಹೋಗಿಬಿಟ್ಟಿದೆ. ಇಲ್ಲಿ ಫೋನಿಲ್ಲ. ತೋಟದವಳು ಸೈಕಲ್ಲಿನಲ್ಲಿ ಹೊರಟಿದ್ದಾಳೆ.

ಅಮ್ಮ, ನಿನ್ನನ್ನು ಉಳಿಸಿಕೊಳ್ಳಲು ಹೋಗಿ ನಾನೇ ಅವುಗಳನ್ನು ನಿನ್ನ ಮೇಲೆ ಕಳಿಸಿದೆನಲ್ಲ. ಒಂದು ಸಾಲು ಬರೆದು ಕೊಡು. ಒಂದೇ ಸಾಲು.


ಮಾರ್ಚ್ 18, ಸೋಮವಾರ

ಮಗಳೇ,

ಬದುಕಿದ್ದೇನೆ. ಇದು ನೀನು ಕೇಳಿದ ಒಂದು ಸಾಲು. ಮಿಕ್ಕಿದ್ದನ್ನು ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಾ ನಿಧಾನವಾಗಿ ಓದು.

ನಿನ್ನ ಚೀಟಿ ಕೈಗೆ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊದಲ ಬಸ್ಸಿಗೆ ಬಂದೆ. ಅಂಗಳ ನೋಡಿದೆ. ಪೆಟ್ಟಿಗೆ ಕೂರಿಸುವ ಎಂಟು ಕಟ್ಟೆ, ಎಂಟೂ ಖಾಲಿ. ಒಳಗೆ ಹೋಗಿ ನಿನ್ನ ಕಾಗದ ಓದಿದೆ, ಚೀಲವನ್ನು ಮೇಜಿನ ಮೇಲೆ ಎಸೆದು ಮತ್ತೆ ಹೊರಗೆ ಬಂದೆ. ನೀನು ಊಹಿಸಿದ್ದಕ್ಕಿಂತ ಜಾಸ್ತಿಯೇ ಬೈದೆ. ನನ್ನ ಮಗಳೇ ನನ್ನ ಕೈ ಕತ್ತರಿಸಿಕೊಂಡು ಹೋದಳು ಅಂತ ಗಟ್ಟಿಯಾಗಿಯೇ ಹೇಳಿದೆ. ಬೈದು ಬೈದು ಸುಸ್ತಾಗಿ ಗೋಡೆ ಪಕ್ಕದ ಕಟ್ಟೆಯ ಮೇಲೆ ಕುಳಿತೆ. ಜಗಳಗಂಟಿಯ ಕಟ್ಟೆ. ಬಿಸಿಲು ಹಿತವಾಗಿತ್ತು. ಕಣ್ಣು ಮುಚ್ಚಿದೆ.

ಮೊದಲು ಒಂದು ಬಂತು. ಮೊಣಕಾಲ ಮೇಲೆ ಇಳಿಯಿತು. ಯಾವುದೋ ದಾರಿ ತಪ್ಪಿದ್ದು ಅಂದುಕೊಂಡೆ. ಆಮೇಲೆ ನಾಲ್ಕಾರು, ಆಮೇಲೆ ಲೆಕ್ಕವಿಲ್ಲ. ಅವುಗಳ ಬಾಗಿಲು ಎಲ್ಲಿತ್ತೋ ಅಲ್ಲಿಗೇ, ಒಂದು ಗೇಣೂ ಅತ್ತಿತ್ತ ಇಲ್ಲದೆ ಬಂದವು. ಆ ಜಾಗದಲ್ಲಿ ಈಗ ನನ್ನ ಮಡಿಲಿತ್ತು. ತೋಳಿನ ಮೇಲೆ, ಸೆರಗಿನ ಮೇಲೆ, ಮಣಿಕಟ್ಟಿನ ಮೇಲೆ ಬಾಗಿಲು ಹುಡುಕುತ್ತಾ ನಡೆದಾಡಿದವು. ನೀನು ನದಿ ಅಳೆಯಲಿಲ್ಲ ಅಂತ ಆ ಕ್ಷಣಕ್ಕೇ ಗೊತ್ತಾಯಿತು.

ಒಂದನ್ನೂ ಅದುಮದಂತೆ ಎದ್ದೆ. ಕೈ ಬೀಸಲಿಲ್ಲ. ಮುಷ್ಟಿ ಬಿಗಿದರೂ ಬೆರಳ ಸಂದಿಯಲ್ಲಿ ಒಂದು ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಅಂಗೈ ಬಿಡಿಸಿ ಹಿಡಿದು ಅಡುಗೆಮನೆಯ ತನಕ ನಡೆದೆ. ಹೊಸ್ತಿಲು ತಲುಪುವಷ್ಟರಲ್ಲಿ ಮೈಮೇಲಿದ್ದವು ಹಾರಿ ಕಟ್ಟೆಗೆ ಮರಳಿದ್ದವು. ಒಳಗೆ ಹೋಗಿ ಬಾಗಿಲು ಹಾಕಿದೆ. ಅಷ್ಟಕ್ಕೆ ಬಿಡುವವಳೇ ನಾನು? ಕಟ್ಟೆಗಳ ಮೇಲೆ ಅವು ಗುಂಪುಗಟ್ಟುತ್ತಿದ್ದವು. ಸಂಜೆ ಚಳಿ ಬಿದ್ದರೆ ಒಂದೂ ಉಳಿಯುವುದಿಲ್ಲ. ಬೇಲಿ ಕಡೆಯ ಖಾಲಿ ಪೆಟ್ಟಿಗೆಯನ್ನು ಕೊಟ್ಟಿಗೆಯಿಂದ ತಂದು ಗೋಡೆಯ ಪಕ್ಕ ಇಟ್ಟರೆ ಹಳೆಯ ಎರಿಯ ವಾಸನೆಗೆ ಒಳಗೆ ಹೋಗುತ್ತವೆ. ಒಂದು ಲೋಟ ನೀರು ಕುಡಿದಷ್ಟು ಸುಲಭದ ಕೆಲಸ. ಚೀಲದಿಂದ ಮುಸುಕು ತೆಗೆದೆ, ತಲೆಗೆ ಹಾಕಿದೆ, ಕತ್ತಿನ ದಾರ ಬಿಗಿಯಾಗಿ ಕಟ್ಟಿದೆ. ಬಾಗಿಲ ಚಿಲಕಕ್ಕೆ ಕೈ ಇಟ್ಟೆ.

ಆಗ ಕಿವಿಯ ಹತ್ತಿರ ಸದ್ದು ಕೇಳಿತು. ಒಂದು ಹುಳ ನನ್ನ ಕುಪ್ಪಸದ ಕೊರಳಂಚಿನ ಮೇಲೆ ಕೂತು ಒಳಗೆ ಬಂದಿತ್ತು. ನಾನು ನೋಡದೆ ಅದನ್ನೂ ಮುಸುಕಿನೊಳಗೆ ಸೇರಿಸಿ ಕಟ್ಟಿಬಿಟ್ಟಿದ್ದೆ. ಹೊಸಬರಿಗೆ ನಾನೇ ನೂರು ಸಲ ಹೇಳಿದ ಮಾತು, ಮುಸುಕು ಹಾಕುವ ಮೊದಲು ಕೊರಳು ಒರೆಸಿಕೊಳ್ಳಿ ಅಂತ. ಅದು ಕೆನ್ನೆಯ ಮೇಲೆ ನಡೆಯಿತು. ಕಣ್ಣಿನ ಕೆಳಗೆ ಬಂದು ನಿಂತಿತು. ರೆಪ್ಪೆ ಮಿಟುಕಿಸಲೂ ಆಗುತ್ತಿರಲಿಲ್ಲ.

ಹುಳ ಬೆಳಕಿನ ಕಡೆ ಹೋಗುತ್ತದೆ ಅನ್ನುವುದೊಂದೇ ತಲೆಯಲ್ಲಿ ಉಳಿದದ್ದು. ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಎಷ್ಟು ಹೊತ್ತು ಅಂತ ಕೇಳಬೇಡ. ನೀನು ಬರೆದದ್ದೆಲ್ಲ ಆಗ ನೆನಪಾಯಿತು. ನೀಲಿ ತುಟಿ, ತೂತು ಬಿದ್ದ ತಿದಿ. ತೋಟದವಳೋ ನೀನೋ ಬಂದು ನನ್ನನ್ನು ಮತ್ತೆ ಒಣಬಟ್ಟೆ ಅಂದುಕೊಂಡು ಎತ್ತಲು ಬಗ್ಗುತ್ತೀರಿ ಅನ್ನಿಸಿತು. ನನಗೆ ಭಯವಾಯಿತು ಕಣೇ. ಮೂವತ್ತು ವರ್ಷದಲ್ಲಿ ಅವುಗಳ ಮುಂದೆ ನನಗೆ ಭಯವಾಗಿದ್ದು ಅದೇ ಮೊದಲು. ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಪರದೆಯ ವಿಷಯ ಬರೆದಿದ್ದೆನಲ್ಲ, ಉತ್ತರ ಇದು.

ಕೊನೆಗೆ ಅದು ಕೆನ್ನೆ ಬಿಟ್ಟು ಮುಸುಕಿನ ಬಲೆ ಹತ್ತಿತು. ದಾರ ಬಿಚ್ಚಿ, ಮುಸುಕನ್ನು ಮೆಲ್ಲಗೆ ಮುಂದಕ್ಕೆ ಎತ್ತಿದೆ. ಅದು ಹಾರಿ ಕಿಟಕಿಯ ಗಾಜಿಗೆ ಬಡಿದು ಕೆಳಗಿನ ಹಲಗೆಗೆ ಬಿತ್ತು. ಅದರ ಮೇಲೆ ಲೋಟ ಬೋರಲು ಹಾಕಿ, ಕುರ್ಚಿಯಲ್ಲಿ ಕುಸಿದು ಕೂತೆ.

ಮತ್ತೆ ಹೊರಗೆ ಹೋಗಲಿಲ್ಲ. ಗಾಜಿನ ಈಚೆ ಕೂತು ನೋಡಿದೆ. ಮಧ್ಯಾಹ್ನವೆಲ್ಲ ಹುಡುಕಿದವು. ನೆರಳು ಬಿದ್ದ ಕಟ್ಟೆಗಳ ಮೇಲಿನವು ಒಂದೊಂದಾಗಿ ಉದುರಿದವು. ಕೊಟ್ಟಿಗೆಯ ಬಾಗಿಲು ಕಣ್ಣೆದುರೇ ಇತ್ತು. ಆದರೂ ಏಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಿನ್ನ ತೋಟದವಳು ಬೆವರು ಸುರಿಸುತ್ತಾ ಬಂದಳು, ದಾರಿಯಲ್ಲಿ ಪಂಕ್ಚರು ಹಾಕಿಸಿ ತಡವಾಯಿತಂತೆ. ನಾನು ಗಾಜಿನ ಹಿಂದಿನಿಂದ ಕೂಗಿದೆ. ಅವಳಿಗೆ ಕೇಳಿಸಲಿಲ್ಲ. "ಏನಮ್ಮಾ? ನೀರಾ? ನೀರು ಬೇಕಾ?" ಅನ್ನುತ್ತಾಳೆ. ಕೈಸನ್ನೆ ಮಾಡಿದೆ. ಕೊಟ್ಟಿಗೆಯಿಂದ ಮೊದಲು ಬಕೆಟ್ಟು ತಂದಳು, ಆಮೇಲೆ ಏಣಿ ತಂದಳು! ಮೂರನೆಯ ಸಲ ಪೆಟ್ಟಿಗೆ ಬಂತು. ಇಟ್ಟ ಕೂಡಲೇ ದೂರ ಓಡಿ ಸೈಕಲ್ಲಿನ ಹಿಂದೆ ಅಡಗಿಕೊಂಡಳು. ಗೋಡೆ ಪಕ್ಕದಲ್ಲಿ ಉಳಿದಿದ್ದವು ಸಾಲು ಹಿಡಿದು ಒಳಗೆ ನಡೆದವು. ಗಾಜಿಗೆ ಮೂಗು ಒತ್ತಿ ನೋಡಿದೆ. ನನ್ನ ಕೈ ತಾಗದೆ ಅವು ಮನೆ ಸೇರಿದವು.

ಕತ್ತಲಾಯಿತು ಅಂತ ಅವಳು ರಾತ್ರಿ ಇಲ್ಲೇ ಉಳಿದಳು. ಬೆಳಗ್ಗೆ ಚಳಿಯಿತ್ತು, ಅವು ಹೊರಬರುವ ಮೊದಲೇ ಅವಳ ಕೈಯಿಂದ ಬಾಗಿಲಿಗೆ ಜಾಲರಿ ಬಡಿಸಿದ್ದೇನೆ. ನಾನು ಕಿಟಕಿಯಲ್ಲೇ ಇದ್ದೆ. ಸತ್ತವನ್ನು ಆಮೇಲೆ ಗುಡಿಸಿದೆ. ಎರಡು ಮೊರ ತುಂಬಿತು. ನಿನ್ನ ತಪ್ಪಿಗೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನೀನು ಪೆಟ್ಟಿಗೆಗಳನ್ನು ಒಯ್ಯದೆ ಇದ್ದಿದ್ದರೆ ನಾನು ಗೋಡೆ ಪಕ್ಕದಲ್ಲಿ ಮುಚ್ಚಳ ತೆಗೆದು ನಿಂತಿರುತ್ತಿದ್ದೆ, ಕೊರಳಂಚಿನ ಮೇಲೆ ಒಂದನ್ನು ಕೂರಿಸಿಕೊಂಡು.

ಏಳು ಪೆಟ್ಟಿಗೆಗಳನ್ನೂ ಇವತ್ತೇ ಅಲ್ಲಿಂದ ಇನ್ನೂ ಮುಂದಕ್ಕೆ ಸಾಗಿಸು, ನೇರವಾಗಿ ಅಳೆ. ಉಳಿದ ಹುಳಗಳ ಪೆಟ್ಟಿಗೆ ಈ ಕಾಗದ ತರುವವಳ ಸೈಕಲ್ಲಿನ ಹಿಂದೆ ಇದೆ. ಅವಳು ದಾರಿಯುದ್ದಕ್ಕೂ ಹಿಂತಿರುಗಿ ನೋಡುತ್ತಾ ಹಳ್ಳಕ್ಕೆ ಬೀಳದಿದ್ದರೆ ಸಾಕು. ಮುದುಕಿಯನ್ನು ಯಾವುದಕ್ಕೆ ಸೇರಿಸಬೇಕು ಅಂತ ನೋಡಿಯೇ ಹೇಳಬೇಕು ಅಂದಿದ್ದೆ. ನೀನು ನೋಡು. ತಟ್ಟು, ಕಿವಿಯಿಡು, ನಿನಗೆ ಸರಿ ಅನ್ನಿಸಿದ್ದನ್ನು ಮಾಡು. ನನ್ನನ್ನು ಕೇಳಬೇಡ.

ಪೆಟ್ಟಿಗೆಯ ಮೇಲೆ ಕಟ್ಟಿರುವ ಗಂಟಿನಲ್ಲಿ ನನ್ನ ಮುಸುಕಿದೆ. ಕತ್ತಿನ ಹತ್ತಿರ ನಿನಗೆ ದೊಡ್ಡದಾಗುತ್ತದೆ, ಬಿಚ್ಚಿ ನಿನ್ನ ಅಳತೆಗೆ ಹೊಲಿದುಕೊ. ಸೊಳ್ಳೆಪರದೆಯನ್ನು ಎಸೆದುಬಿಡು. ಈಗ ಈ ಮನೆಯಲ್ಲಿ ಮುಸುಕು ಇಲ್ಲ.

ನಿನ್ನ ಅಮ್ಮ